ಒಂದು ಚಾಂಟ್‌ಗೆ ಎರಡನೇ ದನಿ ಕಟ್ಟುವ ಬಗೆ: ಆರ್ಗನಮ್, ಹಂತ ಹಂತವಾಗಿ

ಮಧ್ಯಯುಗದ ಯುರೋಪಿನ ಚರ್ಚ್ ಸಂಗೀತದ ಬಹುಧ್ವನಿ ಹಾಡಿಕೆಯನ್ನು, ಅಂದರೆ ಆರ್ಗನಮ್ ಅನ್ನು, ಕಲಿಯಹೊರಟವರು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪ್ಯಾರಿಸ್‌ನ ಪೆರೊಟಿನ್ ಕಟ್ಟಿದ ನಾಲ್ಕು ದನಿಗಳ ರಚನೆಯನ್ನು ಕೇಳಿ ನೇರವಾಗಿ ಅದಕ್ಕೇ ಕೈಹಾಕುತ್ತಾರೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಶ್ರುತಿ ಇಳಿದಿರುತ್ತದೆ, ಲಯ ಚೆದುರಿರುತ್ತದೆ. ಇನ್ನು ಕೆಲವರು ತಂಬೂರಿ ಮೀಟಿಕೊಂಡು ಅದರ ಮೇಲೆ ಲ್ಯಾಟಿನ್ ಸಾಲು ಹಾಡಿ, ಆರ್ಗನಮ್ ಆಯಿತು ಎಂದುಕೊಳ್ಳುತ್ತಾರೆ. ಎರಡೂ ದಾರಿ ತಪ್ಪು. ಇಲ್ಲಿ ಎರಡನೇ ದನಿ ಹುಟ್ಟುವುದು ಚಾಂಟ್‌ನ, ಅಂದರೆ ಚರ್ಚಿನ ಏಕದನಿಯ ಲ್ಯಾಟಿನ್ ಹಾಡಿನ, ಒಂದೊಂದು ಸ್ವರದಿಂದ, ಆಧಾರ ಷಡ್ಜದಿಂದಲ್ಲ. ಯುರೋಪಿನ ಗಾಯಕರು ಸುಮಾರು 300 ವರ್ಷಗಳಲ್ಲಿ ಹತ್ತಿದ ಮೆಟ್ಟಿಲುಗಳನ್ನು ಅದೇ ಕ್ರಮದಲ್ಲಿ ಹತ್ತಿದರೆ ಕೆಲಸ ಕೈಗೆ ಸಿಗುತ್ತದೆ. ಒಂದು ಮೆಟ್ಟಿಲು ಹಾರಿದರೂ ಮುಂದಿನದು ಕುಸಿಯುತ್ತದೆ.

ಕೆಳಗಿನ ಎಲ್ಲ ಹಂತಗಳಿಗೂ ಒಂದೇ ಸಾಲನ್ನು ಬಳಸಲಾಗಿದೆ. ಅದೇ ಸಾಲು ಹಂತದಿಂದ ಹಂತಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಿವಿ ಹಿಡಿಯಬೇಕು.

## ಮೊದಲು ಬೇಕಾದವು

ಕನಿಷ್ಠ ಇಬ್ಬರು ಗಾಯಕರು ಬೇಕು, ಮೂವರಿದ್ದರೆ ಒಳ್ಳೆಯದು. ಐದನೇ ಹಂತದಲ್ಲಿ ಒಂದೇ ಸ್ವರವನ್ನು ದೀರ್ಘವಾಗಿ ಹಿಡಿಯುವ ಕೆಲಸ ಒಬ್ಬರಿಂದ ಆಗುವುದಿಲ್ಲ. ಶ್ರುತಿಪೆಟ್ಟಿಗೆಯನ್ನು ಆರಂಭದ ಸ್ವರ ಕೊಡಲು ಮಾತ್ರ ಬಳಸಿ, ಕೊಟ್ಟ ಕೂಡಲೇ ನಿಲ್ಲಿಸಿ. ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಳ್ಳಿ, ಏಕೆಂದರೆ ಹಾಡುವಾಗ ಕೇಳಿಸದ ತಪ್ಪು ಆಮೇಲೆ ಕೇಳಿಸುತ್ತದೆ. ದನಿ ಒಂದೆರಡು ಸೆಕೆಂಡು ಉಳಿಯುವ ಕಲ್ಲಿನ ಅಥವಾ ಖಾಲಿ ಕೋಣೆ ಸಿಕ್ಕರೆ ಅರ್ಧ ಪಾಠ ಅದೇ ಹೇಳಿಕೊಡುತ್ತದೆ. ದಪ್ಪ ಪರದೆ, ಸೋಫಾ ತುಂಬಿದ ಕೋಣೆ ಬೇಡ.

ಬರಹಕ್ಕೆ ನಮ್ಮ ಸ್ವರಾಕ್ಷರಗಳೇ ಸಾಕು. ಚಾಂಟ್‌ನ ಸಿ ಸ್ವರವನ್ನು ಸ ಎಂದಿಟ್ಟುಕೊಂಡರೆ ಉಳಿದವು ಶಂಕರಾಭರಣದ ಸ್ವರಗಳು. ಅಂತರ ಗಾಂಧಾರ, ಶುದ್ಧ ಮಧ್ಯಮ, ಕಾಕಲಿ ನಿಷಾದ. ಬದಲಾಗುವ ಸ್ವರ ನಿಷಾದ ಒಂದೇ, ಕೆಲವು ಕಡೆ ಅದು ಕೈಶಿಕಿ ಆಗುತ್ತದೆ. ತಾರಸ್ಥಾಯಿಗೆ ಸ್ವರದ ಮುಂದೆ ' ಗುರುತು ಹಾಕಿದೆ. ಒಂದು ಎಚ್ಚರಿಕೆ: ಇಲ್ಲಿ ಸ ಎಂಬುದು ಬರೀ ಹೆಸರು. ನಮ್ಮ ಸಾಲು ನಿಲ್ಲುವುದು ರಿ ಮೇಲೆ. ಸ ಕೇಳಿದ ಕೂಡಲೇ ಮನೆಗೆ ಬಂದೆವು ಅನ್ನಿಸುವ ಅಭ್ಯಾಸವನ್ನು ಸ್ವಲ್ಪ ಬದಿಗಿಡಬೇಕು.

ಗಮಕ ಪೂರ್ತಿ ಬಿಡಿ. ಸ್ವರಕ್ಕೆ ಜಾರಿ ಸೇರುವುದು, ಮುಗಿಯುವಾಗ ಅಲುಗಿಸುವುದು, ಎರಡೂ ಎರಡು ದನಿಗಳ ನಡುವಿನ ಅಂತರವನ್ನು ಕೆಡಿಸುತ್ತವೆ. ಕರ್ನಾಟಕ ಸಂಗೀತ ಕಲಿತವರಿಗೆ ಇದೇ ಅತಿ ಕಷ್ಟದ ಭಾಗ.

## ಹಂತ 1: ಮೂಲದನಿಯನ್ನು ಗಟ್ಟಿ ಮಾಡಿಕೊಳ್ಳಿ

ಮೂಲದನಿ ಅಂದರೆ ಚಾಂಟ್‌ನ ಸಾಲೇ. ಆ ಸಾಲು ಇದು, ಸಂತ ಯೋಹಾನನ ಸ್ತೋತ್ರದ ಮೊದಲ ಪಾದ:

ಉತ್ – ಕ್ವೆ – ಅಂತ್ – ಲಾ – ಕ್ಸಿಸ್
ಸ – ರಿ – ಮ – ರಿಗ – ರಿ

11ನೇ ಶತಮಾನದ ಸಂಗೀತ ಶಿಕ್ಷಕ, ಅರೆಟ್ಸೊದ ಗ್ವಿದೊ, ಸ್ವರಗಳಿಗೆ ಉತ್, ರೆ, ಮಿ ಎಂಬ ಹೆಸರು ಕೊಡಲು ಬಳಸಿಕೊಂಡದ್ದು ಇದೇ ಸ್ತೋತ್ರವನ್ನು. ಐದು ಅಕ್ಷರ, ಆರು ಸ್ವರ. 'ಲಾ' ಅಕ್ಷರಕ್ಕೆ ಮಾತ್ರ ಎರಡು ಸ್ವರ.

ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ, ತಾಳವಿಲ್ಲದೆ, ಮಾತಿನ ವೇಗದಲ್ಲಿ ಹಾಡಿ. ಉಸಿರು ತೆಗೆಯುವ ಜಾಗ ಸಾಲಿನ ಕೊನೆ ಮಾತ್ರ. ಹತ್ತು ಸಲ ಹಾಡಿದ ಮೇಲೂ ಶ್ರುತಿ ಆರಂಭದ ಸ್ವರಕ್ಕೇ ಕೂರಬೇಕು. ಕೂರದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಎರಡನೇ ದನಿ ಸೇರಿದ ಮೇಲೆ ಯಾರು ಜಾರಿದರು ಎಂದು ಪತ್ತೆ ಹಚ್ಚುವುದರಲ್ಲೇ ಸಂಜೆ ಕಳೆಯುತ್ತದೆ.

ಮುಂದೆ ಬೇರೆ ಚಾಂಟ್ ಆರಿಸುವಾಗ ಒಂದು ಅಕ್ಷರಕ್ಕೆ ಒಂದೆರಡು ಸ್ವರ ಇರುವ, ಆರು ಸ್ವರಗಳ ವ್ಯಾಪ್ತಿ ಮೀರದ ಸಾಲಿನಿಂದ ತೊಡಗಿ. ನಾಲ್ಕು ಗೆರೆಯ ಚೌಕ ಲಿಪಿ ಓದುವಾಗ ಸಾಲಿನ ಆರಂಭದ ಗುರುತು ಸಿ ಸ್ವರದ್ದೋ ಎಫ್ ಸ್ವರದ್ದೋ ನೋಡಿಕೊಳ್ಳಿ. ಅದು ತಪ್ಪಿದರೆ ಅರ್ಧಸ್ವರಗಳ ಜಾಗವೆಲ್ಲ ತಪ್ಪುತ್ತದೆ, ಆದರೆ ಹಾಡು ಕೇಳಲು ಚೆನ್ನಾಗಿಯೇ ಇರುತ್ತದೆ. ಅದಕ್ಕೇ ಈ ತಪ್ಪು ಬೇಗ ಸಿಗುವುದಿಲ್ಲ.

## ಹಂತ 2: ಐದರ ಅಂತರದಲ್ಲಿ ಜೊತೆದನಿ

9ನೇ ಶತಮಾನದ ಕೊನೆಯ ಭಾಗದ 'ಮ್ಯೂಸಿಕಾ ಎನ್‌ಕಿರಿಯಾಡಿಸ್' ಎಂಬ ಕೈಪಿಡಿ ಕಲಿಸುವ ಅತಿ ಸರಳ ವಿಧಾನ ಇದು. ಮೂಲದನಿ ಮೇಲೆ, ಜೊತೆದನಿ ಅದರ ಕೆಳಗೆ, ಎರಡೂ ತುದಿಯ ಸ್ವರ ಸೇರಿಸಿ ಎಣಿಸಿದರೆ ಐದನೆಯದರಲ್ಲಿ. ಪ ಕೆಳಗೆ ಸ ಇದ್ದ ಹಾಗೆ.

ಮೂಲದನಿ: ಸ ರಿ ಮ ರಿ ಗ ರಿ
ಜೊತೆದನಿ (ಮಂದ್ರ): ಮ ಪ ನಿ ಪ ಧ ಪ

ಇಲ್ಲಿನ ಮಂದ್ರ ನಿಷಾದ ಕೈಶಿಕಿ ಆಗಲೇಬೇಕು. ಕಾಕಲಿ ಹಿಡಿದರೆ ಮೇಲಿನ ಶುದ್ಧ ಮಧ್ಯಮಕ್ಕೂ ಅದಕ್ಕೂ ಅಂತರ ಅರ್ಧಸ್ವರದಷ್ಟು ಕುಗ್ಗಿ, ಷಡ್ಜಕ್ಕೆ ಪಂಚಮದ ಬದಲು ಪ್ರತಿಮಧ್ಯಮ ಹಿಡಿದಂತಾಗುತ್ತದೆ. ಆ ಕೈಪಿಡಿಯ ಸ್ವರಮಾಲೆಯೇ ಐದರ ಅಂತರ ಎಲ್ಲೂ ಕೆಡದಂತೆ ಜೋಡಿಸಿದ್ದು, ಅದರಲ್ಲಿ ಮಂದ್ರ ನಿಷಾದ ಕೈಶಿಕಿಯೇ.

ಮಕ್ಕಳ ಅಥವಾ ಹೆಂಗಸರ ದನಿ ಇದ್ದರೆ ಮೂಲದನಿಯನ್ನು ಮೇಲಿನ ಸ್ಥಾಯಿಯಲ್ಲೂ ಸೇರಿಸಿ. ಎರಡು ಸಾಲು ಮೂರು ದನಿಯಾಗುತ್ತದೆ, ಹೊಸದಾಗಿ ಏನೂ ಕಲಿಯಬೇಕಿಲ್ಲ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಒಂದು ಸ್ವರದ ಮೇಲೆ ಇಬ್ಬರೂ ನಿಲ್ಲಿ. ಅಂತರ ಶುದ್ಧವಾಗಿದ್ದರೆ ದನಿ ಅಲುಗದೆ ನಿಲ್ಲುತ್ತದೆ, ಎರಡು ದನಿ ಒಂದೇ ದಪ್ಪ ದನಿಯಂತೆ ಕೇಳಿಸುತ್ತದೆ. 'ವಾಂವ್ ವಾಂವ್' ಎಂದು ಅಲೆ ಎದ್ದರೆ ಯಾರೋ ತಪ್ಪಿದ್ದಾರೆ. ಸರಿಪಡಿಸಬೇಕಾದವರು ಯಾವಾಗಲೂ ಜೊತೆದನಿಯವರು. ಮೂಲದನಿ ಕದಲಬಾರದು.

## ಹಂತ 3: ನಾಲ್ಕರ ಅಂತರ, ಮತ್ತು ಕೊನೆಯಲ್ಲಿ ಕೂಡುವುದು

ಹೆಚ್ಚು ಹೊತ್ತು ಕಳೆಯಬೇಕಾದ ಹಂತ ಇದೇ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಐದರ ಅಂತರದಲ್ಲಿ ಜೊತೆದನಿ ಮೂಲದನಿಯ ನೆರಳು. ನಾಲ್ಕರಲ್ಲಿ ಹಾಗೆ ನೆರಳಾಗಲು ಆಗುವುದಿಲ್ಲ. ಮೂಲದನಿ ಗ ಹಿಡಿದಾಗ ಕೆಳಗಿನ ನಾಲ್ಕನೆಯದು ಆ ಕೈಶಿಕಿ ನಿಷಾದ, ಮತ್ತೆ ಅದೇ ಪ್ರತಿಮಧ್ಯಮದ ಕರ್ಕಶ ಅಂತರ. ಅದನ್ನು ತಪ್ಪಿಸಲು ಹುಟ್ಟಿದ ನಿಯಮ: ಜೊತೆದನಿ ಒಂದು ಗಡಿಗಿಂತ ಕೆಳಗೆ ಇಳಿಯಬಾರದು. ನಮ್ಮ ಸಾಲಿಗೆ ಆ ಗಡಿ ಸ. ಮೂಲದನಿ ಮೇಲೇರಿ ನಾಲ್ಕರ ಅಂತರ ಸಿಗುವವರೆಗೆ ಜೊತೆದನಿ ಸ ಮೇಲೇ ಕಾಯುತ್ತದೆ.

ಮೂಲದನಿ: ಸ ರಿ ಮ ರಿ ಗ ರಿ
ಜೊತೆದನಿ: ಸ ಸ ಸ ಸ ಸ ರಿ

ಅಂತರಗಳನ್ನು ಓದಿ. ಸಮಸ್ವರ, ಎರಡು, ನಾಲ್ಕು, ಎರಡು, ಮೂರು, ಸಮಸ್ವರ. ಎರಡರ ಅಂತರ, ಅಂದರೆ ಸ ಮತ್ತು ರಿ ಒಟ್ಟಿಗೆ, ಕಿವಿಗೆ ಚುಚ್ಚುತ್ತದೆ. ಚುಚ್ಚಲಿ. ಹೊಸಬರು ಅಲ್ಲಿ ಹೆದರಿ ದನಿ ಇಳಿಸುತ್ತಾರೆ, ಇಲ್ಲವೇ ಜೊತೆದನಿಯನ್ನು ರಿ ಕಡೆಗೆ ಜಾರಿಸುತ್ತಾರೆ. ಎರಡೂ ಕೂಡದು. ಆ ಘರ್ಷಣೆ ಇದ್ದರೆ ತಾನೆ ಮುಂದಿನ ನಾಲ್ಕರ ಅಂತರ ಬಿಚ್ಚಿಕೊಂಡಂತೆ ಕೇಳುವುದು.

ಕೊನೆಯ ಎರಡು ಸ್ವರ ಗಮನಿಸಿ. ಮೇಲೆ ಗ, ಕೆಳಗೆ ಸ. ಮೇಲಿನದು ಇಳಿಯುತ್ತದೆ, ಕೆಳಗಿನದು ಏರುತ್ತದೆ, ಎರಡೂ ರಿ ಮೇಲೆ ಒಂದಾಗುತ್ತವೆ. ಗ್ವಿದೊ ಸುಮಾರು 1026ರಲ್ಲಿ ಬರೆದ 'ಮೈಕ್ರೊಲೊಗಸ್' ಈ ಕೂಡುವಿಕೆಗೆ 'ಒಕ್ಕುರ್ಸುಸ್' ಎಂಬ ಹೆಸರು ಕೊಟ್ಟು ನಿಯಮ ಹೇಳುತ್ತದೆ. ಅವನು ಒಪ್ಪುವ ಅಂತರಗಳು ನಾಲ್ಕು: ನಾಲ್ಕನೆಯದು, ದೊಡ್ಡ ಮೂರನೆಯದು, ಚಿಕ್ಕ ಮೂರನೆಯದು, ಪೂರ್ಣಸ್ವರ. ನಾಲ್ಕನೆಯದಕ್ಕೆ ಮೊದಲ ಮಣೆ, ಚಿಕ್ಕ ಮೂರನೆಯದಕ್ಕೆ ಕಡೆಯದು. ಅರ್ಧಸ್ವರ ಮತ್ತು ಐದನೆಯದನ್ನು ಅವನು ಸೇರಿಸುವುದೇ ಇಲ್ಲ. ಹಿಂದಿನ ಹಂತದ ಐದನ್ನೇ ಅವನು ಹೊರಗಿಟ್ಟದ್ದು ವಿಚಿತ್ರ ಅನ್ನಿಸಬಹುದು. ಸಾಲಿನ ಕೊನೆಯಲ್ಲಿ ಮೆತ್ತಗೆ ಕೂಡಲು ನಾಲ್ಕು ಮತ್ತು ಮೂರು ದಾರಿ ಕೊಡುತ್ತವೆ, ಐದು ಕೊಡುವುದಿಲ್ಲ. ಹಾಡಿ ನೋಡಿದರೆ ತಿಳಿಯುತ್ತದೆ.

ಇನ್ನು ಮೂರನೆಯ ಅಂತರದ ಶ್ರುತಿ. ಈ ಒಂದು ವಿಷಯ ನಮ್ಮವರಿಗೆ ಯಾರೂ ಹೇಳುವುದಿಲ್ಲ. ಸ್ವರಗಳ ಅಂತರ ಅಳೆಯುವ ಮಾನ ಸೆಂಟ್. ಸ್ಥಾಯಿ 1200 ಸೆಂಟ್ ಎಂದುಕೊಂಡರೆ ಮಧ್ಯಯುಗದ ಲೆಕ್ಕದಲ್ಲಿ ಐದರ ಅಂತರ 702, ನಾಲ್ಕರದು 498, ಪೂರ್ಣಸ್ವರ 204. ಎರಡು ಪೂರ್ಣಸ್ವರ ಕೂಡಿದ ದೊಡ್ಡ ಮೂರು 408. ತಂಬೂರಿಯಲ್ಲಿ ತಾನಾಗಿ ಕೇಳಿಸುವ ಸ್ವಯಂಭೂ ಗಾಂಧಾರ 386. ಅಂದರೆ ನಮ್ಮ ಕಿವಿ ಸಹಜವಾಗಿ ಹುಡುಕುವ ಗಾಂಧಾರ ಇಲ್ಲಿ ಬೇಕಾದ್ದಕ್ಕಿಂತ 22 ಸೆಂಟ್ ಕೆಳಗಿದೆ. ಆ ತಂಪಾದ ಗಾಂಧಾರ ಹಿಡಿದರೆ ಸ-ಗ ಅಂತರ ಅಲ್ಲೇ ಹಾಯಾಗಿ ಕೂತುಬಿಡುತ್ತದೆ, ರಿ ಕಡೆಗೆ ಹೋಗುವ ಎಳೆತ ಸತ್ತುಹೋಗುತ್ತದೆ. ಗ ಸ್ವಲ್ಪ ಮೇಲೆ, ಬಿಗಿಯಾಗಿ ಹಿಡಿಯಿರಿ. ತಂಬೂರಿ ಬೇಡ ಎಂದು ಮೊದಲೇ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದು.

ಈ ಹಂತ ಮುಗಿಯಿತು ಎನ್ನಬೇಕಾದರೆ, ಜೊತೆದನಿಯವರು ಬರೆದದ್ದನ್ನು ನೋಡದೆ ಹೊಸ ಚಾಂಟ್ ಸಾಲಿಗೆ ಆಶುವಾಗಿ ಹಾಡಲು ಬರಬೇಕು. ಆಗಿನ ಗಾಯಕರಲ್ಲಿ ಹೆಚ್ಚಿನವರು ಮಾಡುತ್ತಿದ್ದುದೂ ಅದನ್ನೇ.

## ಹಂತ 4: ಜೊತೆದನಿ ಮೇಲಕ್ಕೆ

1100ರ ಹೊತ್ತಿಗೆ ಜಾಗ ಅದಲುಬದಲಾಗುತ್ತದೆ. ಮೂಲದನಿ ಕೆಳಗೆ, ಜೊತೆದನಿ ಮೇಲೆ. ಆ ಕಾಲದ 'ಅಡ್ ಆರ್ಗನಮ್ ಫಾಸಿಯೆಂಡಮ್' ಎಂಬ ಬರಹದ ಕ್ರಮವನ್ನು ಹೀಗೆ ಅನುಸರಿಸಿ:

1. ಮೊದಲ ಸ್ವರಕ್ಕೆ ಸಮಸ್ವರ, ಎಂಟು, ಐದು ಅಥವಾ ನಾಲ್ಕು.
2. ನಡುವಿನ ಸ್ವರಗಳಿಗೆ ಐದು ಮತ್ತು ನಾಲ್ಕನ್ನು ಬದಲಿಸುತ್ತ ಹೋಗಿ, ನಡುವೆ ಒಮ್ಮೊಮ್ಮೆ ಸಮಸ್ವರ.
3. ಕೊನೆಯ ಸ್ವರ ಸಮಸ್ವರ ಅಥವಾ ಎಂಟು.
4. ಮೂಲದನಿ ಏರಿದರೆ ಜೊತೆದನಿ ಇಳಿಯಲಿ, ಇಳಿದರೆ ಏರಲಿ. ಆಗದಿದ್ದರೆ ನಿಂತಲ್ಲೇ ನಿಲ್ಲಲಿ.

ಜೊತೆದನಿ: ಸ' ಧ ಮ ಧ ಧ ರಿ'
ಮೂಲದನಿ: ಸ ರಿ ಮ ರಿ ಗ ರಿ

ಎಂಟು, ಐದು, ಸಮಸ್ವರ, ಐದು, ನಾಲ್ಕು, ಎಂಟು. ಮೂರನೇ ಸ್ವರದಲ್ಲಿ ಇಬ್ಬರೂ ಮ ಮೇಲೆ ಸೇರುತ್ತಾರೆ, ಆಮೇಲೆ ಕತ್ತರಿಯ ಬಾಯಂತೆ ತೆರೆದುಕೊಳ್ಳುತ್ತಾರೆ.

ಬರೆಯುವಾಗ ಒಮ್ಮೆಗೇ ಎಡದಿಂದ ಬಲಕ್ಕೆ ಹೋಗಬೇಡಿ. ಮೊದಲು ಕೊನೆಯ ಸ್ವರ ನಿಶ್ಚಯಿಸಿ, ಅದರ ಹಿಂದಿನದು, ಆಮೇಲೆ ಆರಂಭ, ಕೊನೆಗೆ ನಡು. ಎಡದಿಂದ ಬರೆದವರಿಗೆ ಕೊನೆಯಲ್ಲಿ ಜಾಗ ಸಿಕ್ಕದೆ ಆರೇಳು ಸ್ವರ ಹಾರಬೇಕಾಗುತ್ತದೆ. ಮೂಲದನಿ ಮ ಇದ್ದಾಗ ಮೇಲೆ ಕಾಕಲಿ ನಿಷಾದ ಇಡಬೇಡಿ, ಅದೇ ಕರ್ಕಶ ಅಂತರ. ಸ' ಇಡಿ. ಎರಡಕ್ಕಿಂತ ಹೆಚ್ಚು ಐದರ ಅಂತರಗಳು ಸಾಲಾಗಿ ಬಂದವೋ, ನೀವು ಮರಳಿ ಎರಡನೇ ಹಂತಕ್ಕೆ ಜಾರಿದ್ದೀರಿ.

## ಹಂತ 5: ಕೆಳಗೆ ಒಂದು ಸ್ವರ, ಮೇಲೆ ಹಲವು

12ನೇ ಶತಮಾನದ, ನೈಋತ್ಯ ಫ್ರಾನ್ಸ್‌ನ ಅಕ್ವಿಟೇನ್ ಪ್ರಾಂತದ ಹಸ್ತಪ್ರತಿಗಳಲ್ಲಿ ಮೂಲದನಿಯ ಒಂದೊಂದು ಸ್ವರದ ಮೇಲೂ ಗೊಂಚಲು ಗೊಂಚಲಾಗಿ ಸ್ವರಗಳಿವೆ. ಕೆಳದನಿ ಈಗ ಟೆನರ್, ಲ್ಯಾಟಿನ್‌ನಲ್ಲಿ 'ಹಿಡಿಯುವುದು' ಎಂಬ ಅರ್ಥದಿಂದ ಬಂದ ಹೆಸರು. ಮೇಲಿನದನ್ನು ಪ್ಯಾರಿಸ್‌ನವರು ಡ್ಯೂಪ್ಲಮ್ ಎಂದರು.

ನಾಲ್ಕನೇ ಹಂತದಲ್ಲಿ ಬರೆದದ್ದನ್ನು ಎಸೆಯಬೇಡಿ, ಅದೇ ಅಸ್ಥಿಪಂಜರ. ಎರಡು ಕಂಬಗಳ ನಡುವೆ ಬಳ್ಳಿ ಹಬ್ಬಿಸಿದಂತೆ ಸ್ವರ ತುಂಬಿ. ಟೆನರ್ ಸ ಹಿಡಿದಿರುವಷ್ಟು ಹೊತ್ತು ಮೇಲೆ: ಸ' ನಿ ಧ ಪ ಧ ನಿ ಸ'. ಆಮೇಲೆ ಟೆನರ್ ರಿಗೆ ಸರಿದಾಗ ಮೇಲಿನವರು ಧ ಹಿಡಿಯುತ್ತಾರೆ. ಒಂದು ಟೆನರ್ ಸ್ವರಕ್ಕೆ ಐದರಿಂದ ಹತ್ತು ಸ್ವರ ಸಾಕು. ಟೆನರ್ ಸರಿಯುವ ಮುಂಚಿನ ಮೇಲಿನ ಸ್ವರ ಹೊಂದುವ ಅಂತರದಲ್ಲೇ ಇರಬೇಕು.

ಉದ್ದ ಎಷ್ಟು? 13ನೇ ಶತಮಾನದ ಸಂಗೀತ ಶಾಸ್ತ್ರಕಾರ, ಗಾರ್ಲಾಂಡಿಯಾದ ಯೋಹಾನ್ನೆಸ್, ಕೊಡುವ ಸೂತ್ರ ಕೈಗೆ ಸುಲಭ. ಟೆನರ್ ಜೊತೆ ಹೊಂದುವ ಸ್ವರ ದೀರ್ಘ, ವಿರಾಮದ ಮುಂಚಿನದು ದೀರ್ಘ, ಉಳಿದವು ಹರಿಯಲಿ. ಇಲ್ಲಿ ತಾಳ ಹಾಕಿದರೆ ಕೆಟ್ಟಿತು.

ಟೆನರ್ ಹಿಡಿಯುವವರಲ್ಲಿ ಇಬ್ಬರು ಒಟ್ಟಿಗೆ ಉಸಿರು ತೆಗೆಯಬಾರದು. ಉಸಿರು ತೆಗೆದು ಮರಳುವಾಗ ಮೆಲ್ಲಗೆ, ಅಕ್ಷರದ ವ್ಯಂಜನ ಮತ್ತೆ ಉಚ್ಚರಿಸದೆ, ಬರೀ ಸ್ವರಾಕ್ಷರದಲ್ಲಿ ಸೇರಿಕೊಳ್ಳಿ. ಮೇಲಿನವರು 'ಉ' ಎನ್ನುವಾಗ ಕೆಳಗಿನವರು 'ಒ' ಎಂದರೆ ಶ್ರುತಿ ಸರಿಯಿದ್ದರೂ ಅಪಶ್ರುತಿಯಂತೆ ಕೇಳುತ್ತದೆ. ಟೆನರ್ ಕುಸಿಯುತ್ತಿದೆ ಎನ್ನಲು ಮೊದಲ ಸೂಚನೆ ಸಿಗುವುದು ಮೇಲಿನವರಿಗೆ, ಇಳಿಯುವ ಸ್ವರಗಳು ಇದ್ದಕ್ಕಿದ್ದಂತೆ ಇಕ್ಕಟ್ಟಾದಂತೆ ಅನ್ನಿಸುತ್ತದೆ. ಅಲ್ಲೇ ನಿಲ್ಲಿಸಿ, ಮುಂದುವರಿದರೆ ಇಬ್ಬರೂ ಸೇರಿ ಕುಸಿಯುತ್ತೀರಿ. ಅದೇ ಶತಮಾನದ ಇನ್ನೊಬ್ಬ ಶಾಸ್ತ್ರಕಾರ, ಕೊಲೋನ್‌ನ ಫ್ರಾಂಕೊ, ಟೆನರ್‌ಗೆ ಇನ್ನೊಂದು ಅನುಮತಿಯನ್ನೂ ಕೊಟ್ಟಿದ್ದಾನೆ: ತೀರ ಕರ್ಕಶ ಎನಿಸುವ ಕಡೆ ಸುಮ್ಮನಾಗಬಹುದು.

## ಹಂತ 6: ಡಿಸ್ಕಾಂಟ್, ಅಂದರೆ ಲಯ ಬರುವ ಜಾಗ

ಚಾಂಟ್‌ನಲ್ಲೇ ಒಂದು ಅಕ್ಷರಕ್ಕೆ ಬಹಳ ಸ್ವರ ಇದ್ದಾಗ, ಟೆನರ್‌ನ ಪ್ರತಿ ಸ್ವರವನ್ನೂ ಹಿಗ್ಗಿಸಿದರೆ ಹಾಡು ಮುಗಿಯುವುದೇ ಇಲ್ಲ. ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಗಾಯಕರು ಅಲ್ಲಿ ಟೆನರ್‌ಗೂ ಲಯ ಕೊಟ್ಟರು. ಅದೇ ಡಿಸ್ಕಾಂಟ್. ಎಲ್ಲ ಲಯಗಳೂ ಮೂರರ ಎಣಿಕೆಯವು. ಒಟ್ಟು ಆರು ಮಾದರಿ, ಆರಂಭಕ್ಕೆ ಎರಡು ಸಾಕು. ಒಂದನೆಯದು ದೀರ್ಘ-ಹ್ರಸ್ವ, ಅಂದರೆ 2+1. ಐದನೆಯದು ಬರೀ ಮೂರು ಮೂರು ಎಣಿಕೆಯ ದೀರ್ಘಗಳು.

ಹಸ್ತಪ್ರತಿಯಲ್ಲಿ ಒಂದೊಂದು ಸ್ವರಕ್ಕೆ ಬೇರೆ ಬೇರೆ ಕಾಲಚಿಹ್ನೆ ಇಲ್ಲ. ಸ್ವರಗಳನ್ನು ಎಷ್ಟೆಷ್ಟರ ಗುಂಪಾಗಿ ಕಟ್ಟಿದ್ದಾರೆ ಎಂಬುದೇ ಲಯದ ಗುಟ್ಟು. ಮೂರರ ಒಂದು ಗುಂಪು, ಆಮೇಲೆ ಎರಡೆರಡರ ಗುಂಪುಗಳು ಕಂಡರೆ ಒಂದನೇ ಮಾದರಿ. ಎರಡೆರಡರ ಗುಂಪುಗಳಾಗಿ ಕೊನೆಗೆ ಮೂರು ಬಂದರೆ ಎರಡನೆಯದು, ಹ್ರಸ್ವ ಮೊದಲು. ಬಿಡಿ ಸ್ವರ ಒಂದು, ಆಮೇಲೆ ಮೂರು ಮೂರು ಬಂದರೆ ಮೂರನೆಯದು. ನಾಲ್ಕರಿಂದ ತೊಡಗಿ ಮೂರು ಮೂರಾಗಿ ಹೋದರೆ ಆರನೆಯದು, ಎಲ್ಲ ಹ್ರಸ್ವ. ಒಂದೇ ಸ್ವರ ಎರಡು ಸಲ ಬಂದರೆ ಗುಂಪು ಒಡೆಯಲೇಬೇಕು, ಆ ಒಡಕನ್ನು ಲಯ ಬದಲಾಯಿತು ಎಂದು ಓದಬೇಡಿ. ಓದಲು ಕೂತವರು ಅತಿ ಹೆಚ್ಚು ಮುಗ್ಗರಿಸುವುದು ಈ ಒಡಕಿನಲ್ಲಿ.

ನಮ್ಮ ಸಾಲು ಈಗ ಎರಡು ತುಂಡಾಗುತ್ತದೆ. ಪ್ರತಿ ತುಂಡೂ 12 ಎಣಿಕೆ, ನಾಲ್ಕು ತಕಿಟ.

ಮೊದಲ ತುಂಡು
ಡ್ಯೂಪ್ಲಮ್: (ಸ' ನಿ ಧ) (ಪ ಮ) (ಪ ಧ) ವಿರಾಮ
ಎಣಿಕೆ: 2 1 2, 1 2, 1 2, 1
ಟೆನರ್: (ಸ ರಿ ಮ) ವಿರಾಮ, ಪ್ರತಿಯೊಂದೂ 3

ಎರಡನೇ ತುಂಡು
ಡ್ಯೂಪ್ಲಮ್: (ಧ ಸ' ನಿ) (ಸ' ರಿ') (ಸ' ರಿ') ವಿರಾಮ
ಟೆನರ್: (ರಿ ಗ ರಿ) ವಿರಾಮ

1, 4, 7ನೇ ಎಣಿಕೆಗಳಲ್ಲಿ ಎರಡೂ ದನಿ ಹೊಂದುತ್ತವೆ. ಮೊದಲ ತುಂಡಿನಲ್ಲಿ ಎಂಟು, ಐದು, ಸಮಸ್ವರ, ಎರಡನೆಯದರಲ್ಲಿ ಐದು, ಐದು, ಎಂಟು. ನಡುವಿನ ಹ್ರಸ್ವಗಳು ಹೇಗಿದ್ದರೂ ನಡೆಯುತ್ತದೆ. ಮೂರನೇ ಎಣಿಕೆಯ ನಿ ಟೆನರ್‌ನ ಸ ಜೊತೆ ಘರ್ಷಿಸುತ್ತದೆ, ಆದರೆ ದಾಟಿ ಹೋಗುವುದರಿಂದ ನೋಯಿಸುವುದಿಲ್ಲ. ಟೆನರ್ ಸುಮ್ಮನಿರುವ ಹತ್ತನೇ ಎಣಿಕೆಯಲ್ಲಿ ಡ್ಯೂಪ್ಲಮ್ ಒಂಟಿಯಾಗಿ ನಿಲ್ಲುತ್ತದೆ.

ಅಭ್ಯಾಸದ ಕ್ರಮ: ಟೆನರ್ ಮಾತ್ರ, ಕೈಯಲ್ಲಿ ತಕಿಟ ಹಾಕುತ್ತ. ಆಮೇಲೆ ಡ್ಯೂಪ್ಲಮ್ ಮಾತ್ರ. ಆಮೇಲೆ ಇಬ್ಬರೂ, 'ಆ' ಎಂದು. ಸಾಹಿತ್ಯ ಕೊನೆಗೆ. ಆದಿತಾಳದ ತಿಶ್ರನಡೆಗೆ ಇದನ್ನು ಕೂರಿಸಲು ಹೋಗಬೇಡಿ. ಇಲ್ಲಿ ಸಮ, ಎಡುಪು ಯಾವುದೂ ಇಲ್ಲ, ತುಂಡುಗಳ ಉದ್ದವೂ ಮುಂದೆ ಬದಲಾಗುತ್ತದೆ. ತಕಿಟದ ಮೂರೂ ಅಕ್ಷರಗಳನ್ನು ಒಂದೇ ತೂಕದಲ್ಲಿ ಕೊಟ್ಟರೆ ಯಂತ್ರದಂತಾಗುತ್ತದೆ, ಹ್ರಸ್ವ ಮುಂದಿನ ದೀರ್ಘದ ಕಡೆಗೆ ವಾಲಬೇಕು.

## ಹಂತ 7: ಇಡೀ ಹಾಡಿನಲ್ಲಿ ಇದನ್ನು ಎಲ್ಲಿ ಇಡುವುದು

ಸ್ತೋತ್ರದ ಸಾಲು ಬರೀ ಸಾಧಕಕ್ಕೆ. ಪ್ಯಾರಿಸ್‌ನ ಆರ್ಗನಮ್ ಸಂಗ್ರಹ 'ಮ್ಯಾಗ್ನಸ್ ಲೀಬೆರ್' ಸೇರಿಸಿಕೊಂಡದ್ದು ಗ್ರಾಜುಯಲ್, ಅಲ್ಲೆಲೂಯಾ, ರೆಸ್ಪಾನ್ಸರಿ ಎಂಬ ಬಗೆಯ ಪೂಜೆಯ ಚಾಂಟ್‌ಗಳನ್ನು. ಇವುಗಳಲ್ಲಿ ಏಕಗಾಯಕರ ಭಾಗ, ಗುಂಪಿನ ಭಾಗ ಎಂದು ಮೊದಲೇ ಹಂಚಿಕೆ ಇರುತ್ತದೆ. ಬಹುಧ್ವನಿ ಬರುವುದು ಏಕಗಾಯಕರ ಭಾಗಕ್ಕೆ ಮಾತ್ರ, ಗುಂಪು ತನ್ನ ಭಾಗವನ್ನು ಬರೀ ಚಾಂಟ್ ಆಗಿ ಹಾಡುತ್ತದೆ. ಕ್ರಿಸ್ಮಸ್‌ನ ಗ್ರಾಜುಯಲ್ 'ವಿದೇರುಂತ್ ಓಮ್ನೆಸ್' ತೆಗೆದುಕೊಂಡರೆ, ಆ ಎರಡು ಪದಗಳಿಗೆ ಆರ್ಗನಮ್, ಆಮೇಲೆ ಗುಂಪಿನ ಚಾಂಟ್, 'ನೋತುಮ್ ಫೇಕಿತ್' ಚರಣಕ್ಕೆ ಮತ್ತೆ ಆರ್ಗನಮ್, ಮುಕ್ತಾಯಕ್ಕೆ ಗುಂಪಿನ ಚಾಂಟ್. ಹಸ್ತಪ್ರತಿಗಳಲ್ಲಿ ಗುಂಪಿನ ಭಾಗ ಬರೆದಿರುವುದಿಲ್ಲ. ಅದನ್ನು ಚಾಂಟ್ ಪುಸ್ತಕದಿಂದ ತಂದು ಸೇರಿಸಬೇಕು. ಸೇರಿಸದೆ ಹಾಡಿದರೆ ಪಲ್ಲವಿ ಬಿಟ್ಟು ಕೀರ್ತನೆ ಹಾಡಿದಂತೆ.

ಒಂದೇ ಹಾಡಿನೊಳಗೆ ಐದು ಮತ್ತು ಆರನೇ ಹಂತದ ಶೈಲಿಗಳು ಬೆರೆಯುತ್ತವೆ. ಅಕ್ಷರಕ್ಕೆ ಒಂದೆರಡು ಸ್ವರ ಇರುವಲ್ಲಿ ಟೆನರ್ ನಿಲ್ಲುತ್ತದೆ, ಚಾಂಟ್ ತಾನೇ ಉದ್ದವಾಗುವಲ್ಲಿ ಡಿಸ್ಕಾಂಟ್. ಡಿಸ್ಕಾಂಟ್ ತುಂಡುಗಳನ್ನು ಕಳಚಿ ಬೇರೆಯದನ್ನು ಕೂರಿಸುವ ರೂಢಿಯೂ ಇತ್ತು. ಹಾಗಾಗಿ ಒಂದು ಕಷ್ಟದ ತುಂಡಿನ ಬದಲು ಅದೇ ಪದದ ಸುಲಭದ ತುಂಡನ್ನು ಇಟ್ಟರೆ ಅದು ಮೋಸವಲ್ಲ. ಮೂಲ ನೋಡುವವರಿಗೆ ಫ್ಲಾರೆನ್ಸ್‌ನ ಲಾರೆಂಟಿಯನ್ ಗ್ರಂಥಾಲಯದ ಪ್ರತಿ ಎಲ್ಲಕ್ಕಿಂತ ವಿಸ್ತಾರವಾದದ್ದರಿಂದ ಮೊದಲ ಆಯ್ಕೆ.

ಮೂರು, ನಾಲ್ಕು ದನಿ ಸೇರಿಸುವಾಗ ಹೊಸ ದನಿಯನ್ನು ಮೊದಲು ಟೆನರ್ ಜೊತೆ ಹೊಂದಿಸಿ, ಉಳಿದವುಗಳ ಜೊತೆ ಆಮೇಲೆ. ಮೇಲಿನ ದನಿಗಳೆಲ್ಲ ಒಂದೇ ವ್ಯಾಪ್ತಿಯಲ್ಲಿ ಓಡಾಡುತ್ತ ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಮರುಕ್ಷಣ ಹಾಡುತ್ತಾರೆ, ಆದ್ದರಿಂದ ಒಂದೇ ಬಗೆಯ ಕಂಠಗಳನ್ನು ಆರಿಸಿ. ಇಲ್ಲಿ ಐದನೇ ಹಂತದ ಮುಕ್ತ ಹರಿವು ನಡೆಯದು. ಟೆನರ್ ನಿಂತಿದ್ದರೂ ಮೇಲಿನ ಮೂವರೂ ತಕಿಟದ ಎಣಿಕೆಯಲ್ಲೇ ಇರಬೇಕು. ಪೆರೊಟಿನ್‌ನ 'ವಿದೇರುಂತ್' ಹತ್ತು ನಿಮಿಷ ದಾಟುತ್ತದೆ, ಅದರಲ್ಲಿ ಟೆನರ್‌ನ ಮೊದಲ ಅಕ್ಷರವೇ ಬಹಳ ಹೊತ್ತು ನಡೆಯುತ್ತದೆ. ಟೆನರ್‌ಗೆ ನಾಲ್ಕು ಜನ ಇಲ್ಲದೆ ಅದನ್ನು ಮುಟ್ಟಬೇಡಿ.